ಕೆರೆಯ ದಂಡೆಯ ಪಾಠ

ಪರೀಕ್ಷೆಗಳು ಸಮೀಪಿಸುತ್ತಿರುವ ಮಾರ್ಚಿ ತಿಂಗಳಿನಲ್ಲಿ ಹೆಣ್ಣುಮಕ್ಕಳನ್ನು ಬೆಳಗಿನ ಜಾವದಲ್ಲಿ ಕೆರೆಯ ದಂಡೆಗೆ ಕರೆದೊಯ್ಯುವುದು ಯಾತಕ್ಕೆಂದು ಪೋಷಕರಲ್ಲಿ ಕೆಲವರು ನನ್ನನ್ನು ಕೇಳಿರುವರು. ಪ್ರಶ್ನೆಯು ನ್ಯಾಯವಾದುದೇ. ಹಕ್ಕಿಗಳನ್ನು ನೋಡುವುದರಿಂದ ಅಂಕಗಳು ಹೆಚ್ಚಲಾರವು. ಆದರೂ ಈ ಪದ್ಧತಿಯನ್ನು ನಾವು ಬಿಡದಿರುವುದಕ್ಕೆ ಕಾರಣವುಂಟು. ಅದನ್ನು ಪೋಷಕರಿಗೂ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಈ ಸಂಚಿಕೆಯ ಮೂಲಕ ತಿಳಿಸುವುದು ನನ್ನ ಕರ್ತವ್ಯವೆಂದೆಣಿಸುತ್ತೇನೆ.

ಪಾಠವು ಮೊದಲಾಗುವುದು ಶಾಲೆಯ ತೋಟದಲ್ಲಿ. ಹೊಂಗೆಯ ಮರಗಳು ಹಳೆಯ ಎಲೆಗಳನ್ನುದುರಿಸಿ ಹೊಳೆಯುವ ತಳಿರನ್ನು ತಾಳುವ ಹೊತ್ತಿಗೆ ತೋಟದ ಸದ್ದೇ ಬದಲಾಗುವುದು. ಕಂಚುಗಾರ ಹಕ್ಕಿಯು ಪಾತ್ರೆಯನ್ನು ಬಡಿಯುವವನಂತೆ ಟಕ್ ಟಕ್ ಎಂದು ಒಂದೇ ಸಮನೆ ಕೂಗುವುದು. ಮಡಿವಾಳ ಹಕ್ಕಿಯು ಬೆಳಕು ಹರಿಯುವ ಮುನ್ನವೇ ಹಾಡತೊಡಗುವುದು. ಸೂರಕ್ಕಿಯ ಹೆಣ್ಣು ನಾರನ್ನೂ ತೊಗಟೆಯ ಚೂರುಗಳನ್ನೂ ಜೇಡರಬಲೆಯ ಎಳೆಯಿಂದ ಬಂಧಿಸಿ, ಸಂಚಿಯಂತೆ ತೂಗಾಡುವ ಗೂಡನ್ನು ಕಟ್ಟುವುದು. ಪ್ರತಿಯೊಬ್ಬ ಹುಡುಗಿಗೂ ಒಂದು ಚಿಕ್ಕ ಪುಸ್ತಕವನ್ನು ಕೊಡುತ್ತೇವೆ. ಅದಕ್ಕೆ ನಿಯಮವು ಒಂದೇ: ದಿನಾಂಕವನ್ನೂ ಸ್ಥಳವನ್ನೂ ಹಾಕಿ, ಕಂಡುದನ್ನೇ ಬರೆಯತಕ್ಕದ್ದು. ಓದಿದುದನ್ನಾಗಲಿ, ಪಕ್ಕದವಳು ಹೇಳಿದುದನ್ನಾಗಲಿ ಬರೆಯಕೂಡದು. ಹೆಸರು ತಿಳಿಯದಿದ್ದರೆ ತಿಳಿಯದೆಂದೇ ಬರೆಯತಕ್ಕದ್ದು.

ಈ ನಿಯಮವು ನೋಡುವುದಕ್ಕೆ ಸುಲಭ, ನಡೆಸುವುದಕ್ಕೆ ಕಠಿಣ. ಒಂದು ವರ್ಷ ಕೋಗಿಲೆಯನ್ನು ಹುಡುಕಲು ಎಂಟನೆಯ ತರಗತಿಯವರನ್ನು ತೋಟಕ್ಕೆ ಬಿಟ್ಟಿದ್ದೆವು. ಬಹುಮಂದಿ ‘ಕಪ್ಪು ಹಕ್ಕಿ, ಇಂಪಾದ ಸ್ವರ’ ಎಂದು ಬರೆದು ತಂದರು. ಒಬ್ಬಳು ಮಾತ್ರ, ‘ಗಸಗಸೆ ಹಣ್ಣಿನ ಮರದಲ್ಲಿ ಕಂದು ಮೈಯ, ಬಿಳಿಯ ಚುಕ್ಕೆಗಳ ಹಕ್ಕಿ, ಕಣ್ಣು ಕೆಂಪು, ಹೆಸರು ತಿಳಿಯದು’ ಎಂದು ಬರೆದಿದ್ದಳು. ಗೆಳತಿಯರು ನಕ್ಕರು. ಆದರೆ ಅವಳು ಕಂಡುದು ಕೋಗಿಲೆಯ ಹೆಣ್ಣನ್ನೇ. ಇಂಪಾಗಿ ಹಾಡುವ ಸ್ತ್ರೀಯನ್ನು ಕೋಗಿಲೆಗೆ ಹೋಲಿಸುವುದು ನಮ್ಮಲ್ಲಿ ವಾಡಿಕೆ. ವಾಸ್ತವದಲ್ಲಿ ಕುಹೂ ಎಂದು ಹಾಡುವುದು ಕಪ್ಪು ಮೈಯ ಗಂಡು. ಹೆಣ್ಣು ಕಿಕ್ ಕಿಕ್ ಎಂದು ಗಡಸಾಗಿ ಕೂಗುವುದು. ನಗೆಗೆ ಅಂಜದೆ ತನ್ನ ಕಣ್ಣು ಕಂಡುದನ್ನು ಬರೆದ ಆ ಬಾಲಿಕೆಯ ಧೈರ್ಯವು ಯಾವ ಪಠ್ಯಪುಸ್ತಕದಿಂದಲೂ ಬರತಕ್ಕದ್ದಲ್ಲ.

ತೋಟದಲ್ಲಿ ಪಳಗಿದ ಕಣ್ಣುಗಳನ್ನು ಅನಂತರ ಹೆಬ್ಬಾಳದ ಕೆರೆಗೆ ಕೊಂಡೊಯ್ಯುತ್ತೇವೆ. ಸದಾ ಹರಿಯುವ ನದಿಯಿಲ್ಲದ ನಮ್ಮ ಊರನ್ನು ಪೂರ್ವಕಾಲದಲ್ಲಿ ಸಲಹಿದುವು ಕೆರೆಗಳೇ. ಮೇಲಣ ಕೆರೆಯು ಕೋಡಿಬಿದ್ದರೆ ಕೆಳಗಣ ಕೆರೆಗೆ ನೀರು. ಹೀಗೆ ಹೆಬ್ಬಾಳದ ನೀರು ನಾಗವಾರಕ್ಕೂ, ಯಲಹಂಕದ ನೀರು ಜಕ್ಕೂರಿಗೂ ಹರಿಯುವಂತೆ ಹಿರಿಯರು ಸರಪಳಿಯಾಗಿ ಕಟ್ಟಿದ್ದರು. ಈಗ ಹೆಬ್ಬಾಳದ ಮೇಲುಸೇತುವೆಯ ವಾಹನಗಳ ಗದ್ದಲವು ನೀರಿನ ಮೇಲೆಯೇ ಕೇಳಿಬರುವುದು. ಆದರೂ ನಡುಗಡ್ಡೆಯ ಬಳಿಯಲ್ಲಿ ಹೆಜ್ಜಾರ್ಲೆಗಳು ಸಾಲಾಗಿ ಈಜುತ್ತ, ಕೊಕ್ಕಿನ ಕೆಳಗಣ ಚೀಲದಿಂದ ಮೀನನ್ನು ಮೊಗೆಯುವುದನ್ನು ಕಾಣಬಹುದು.

ವಸಂತವೆಂದರೆ ಆಗಮನದ ಕಾಲವೆಂದು ಮಕ್ಕಳು ಕಾವ್ಯಗಳಿಂದ ಕಲಿತಿರುವರು. ಅದು ಅಗಲಿಕೆಯ ಕಾಲವೂ ಹೌದೆಂಬುದನ್ನು ಕೆರೆಯು ಕಲಿಸುವುದು. ಚಳಿಗಾಲದಲ್ಲಿ ಸೌಟಿನಂಥ ಕೊಕ್ಕಿನ ಬಾತು, ಸೂಜಿಬಾಲದ ಬಾತು, ಬಿಳಿಯ ಹುಬ್ಬಿನ ಬಾತು ಇವು ಮಧ್ಯ ಏಷ್ಯಾ ಸೈಬೀರಿಯಗಳ ಕಡೆಯಿಂದ ನಮ್ಮ ನಾಡಿನ ಕೆರೆಗಳಿಗೆ ಬಂದು, ಬಿಸಿಲೇರುವ ಹೊತ್ತಿಗೆ ಮರಳುವುವು. ‘ಇಂದು ಬಾತುಗಳಿಲ್ಲ’ ಎಂದು ಬರೆಯುವುದೂ ಒಂದು ದಾಖಲೆಯೇ. ಯೆರೆಮೀಯ ಪ್ರವಾದಿಯು ವಲಸೆಯ ಹಕ್ಕಿಗಳ ಈ ಕಾಲಜ್ಞಾನವನ್ನೇ ತನ್ನ ಜನರಿಗೆ ದೃಷ್ಟಾಂತವಾಗಿ ತೋರಿಸಿ ಎಚ್ಚರಿಸಿದನು. ಅದನ್ನು ನಾವು ಕೆರೆಯ ದಂಡೆಯಲ್ಲಿಯೇ ಓದುತ್ತೇವೆ.

ಕೊನೆಯ ಬೇಟಿ ಯಲಹಂಕದ ಪುಟ್ಟೇನಹಳ್ಳಿ ಕೆರೆಗೆ. ನಗರದ ದಕ್ಷಿಣದಲ್ಲಿರುವ ಅದೇ ಹೆಸರಿನ ಕೆರೆ ಬೇರೆ. ಈ ಚಿಕ್ಕ ಕೆರೆಯನ್ನು ಸರ್ಕಾರವು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. ಬಣ್ಣದ ಕೊಕ್ಕರೆ, ಕೆನ್ನೀಲಿ ಬಕ ಇವು ಇಲ್ಲಿ ಕಾಣಬರುವುವು. ಹಾವಿನಂಥ ಕೊರಳಿನ ಹಾವಕ್ಕಿಯು ನೀರಿನಲ್ಲಿ ಮುಳುಗಿ ಮೀನು ಹಿಡಿದು, ಒದ್ದೆಯಾದ ರೆಕ್ಕೆಗಳನ್ನು ಹರಡಿ ಬಿಸಿಲಿಗೆ ಒಣಗಿಸಿಕೊಳ್ಳುವುದನ್ನು ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡುವರು.

ಆದರೆ ಬೇಲಿಯೂ ಫಲಕವೂ ಇದ್ದ ಮಾತ್ರಕ್ಕೆ ಕೆರೆಯು ಉಳಿಯಲಾರದು. ಯಾವ ತಿಂಗಳಿನಲ್ಲಿ ಯಾವ ಹಕ್ಕಿ ಎಷ್ಟಿತ್ತೆಂಬ ಬರಹವಿಲ್ಲದಿದ್ದರೆ, ಅದು ಕಡಮೆಯಾಯಿತೆಂದು ನುಡಿಯಲು ಸಾಕ್ಷಿ ಎಲ್ಲಿ? ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಕಣ್ಣಾರೆ ಕಂಡು ಬರೆದ ಸಲೀಂ ಅಲಿಯವರ ಸಲಹೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇದು ಗಂಡಸರಿಗೆ ಮಾತ್ರ ಮೀಸಲಾದ ವಿದ್ಯೆಯೆಂದು ನಮ್ಮ ಹುಡುಗಿಯರು ತಿಳಿಯಬಾರದು. 1923ರಲ್ಲಿ ಬಿಹಾರದಲ್ಲಿ ಜನಿಸಿದ ಜಮಾಲ್ ಆರಾ ಎಂಬ ಮಹಿಳೆಯು ಹತ್ತನೆಯ ತರಗತಿಯವರೆಗೆ ಮಾತ್ರ ಓದಿದ್ದರೂ, ಛೋಟಾ ನಾಗಪುರದ ಕಾಡುಗಳ ಹಕ್ಕಿಗಳನ್ನು ಕುರಿತು ವಿದ್ವತ್ಪತ್ರಿಕೆಗಳಿಗೆ ಬರೆದರು. ಪಕ್ಷಿವೀಕ್ಷಣೆಯನ್ನು ಕಲಿಸುವ ಅವರ ಪುಸ್ತಕವು 1970ರಲ್ಲಿ ಮಕ್ಕಳಿಗಾಗಿ ಪ್ರಕಟವಾಯಿತು.

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ನೀವು ಯಶವಂತಪುರದಲ್ಲಾಗಲಿ, ಆರ್. ಟಿ. ನಗರದಲ್ಲಾಗಲಿ, ಸಮುದ್ರದಾಚೆಯಲ್ಲಾಗಲಿ ಸಂಸಾರ ಹೂಡಿರಬಹುದು. ಪ್ರತಿವರ್ಷವೂ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಜನರು ತಮ್ಮ ಅಂಗಳದ ಹಕ್ಕಿಗಳನ್ನು ಎಣಿಸುವರು. 1998ರಲ್ಲಿ ಅಮೆರಿಕೆಯಲ್ಲಿ ಮೊದಲಾದ ಈ ಗಣತಿಯಲ್ಲಿ 2013ರಿಂದ ನಮ್ಮ ದೇಶವೂ ಸೇರಿದೆ. ಅದಕ್ಕೆ ಬೇಕಾದುದು ಹದಿನೈದು ನಿಮಿಷಗಳ ಬಿಡುವು ಮಾತ್ರ. ತೋಟವಿಲ್ಲದಿದ್ದರೆ ಕಿಟಕಿಯೇ ಸಾಕು. ನಿಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಂಡುದನ್ನು ದಿನಾಂಕದೊಡನೆ ಬರೆದು ಶಾಲೆಗೂ ಒಂದು ಪ್ರತಿಯನ್ನು ಕಳುಹಿಸಿರಿ. ಈಗಿನ ಹುಡುಗಿಯರ ಪುಸ್ತಕಗಳ ಜೊತೆಯಲ್ಲಿ ಅದನ್ನೂ ಜೋಪಾನವಾಗಿಡುವೆವು. ಕಂಡುದನ್ನು ಕಂಡಂತೆ ನುಡಿಯುವ ಶಕ್ತಿಯನ್ನು ಕರ್ತನು ನಿಮಗೂ ನಿಮ್ಮ ಮಕ್ಕಳಿಗೂ ಅನುಗ್ರಹಿಸಲಿ.