ಮುಕ್ಕಾಲು ಪಾಲು

ಸೋಮವಾರ ಬೆಳಿಗ್ಗೆ, ಹೋಟೆಲಿನ ಬಾಲ್‌ರೂಮಿನ ಬಾಗಿಲಲ್ಲಿ ನಿಂತಿದ್ದೀರಿ. ಒಳಗೆ ಉದ್ದುದ್ದ ಮೇಜುಗಳು, ಮೇಜಿನ ತುಂಬ ಲ್ಯಾಪ್‌ಟಾಪುಗಳು, ಕಾಲಿಗೆ ತೊಡರುವ ವಯರುಗಳು. ನಡು ಹಾದಿಯಲ್ಲಿ ಮೈಕು, ಎದುರಿಗೆ ಪರದೆ. ಕೂತವರಲ್ಲಿ ಕೊರಿಯಾದವರು, ಚೀನಾದವರು, ಇಸ್ರೇಲಿನವರು, ಅಮೆರಿಕದವರು ಇದ್ದಾರೆ. ಹಿಂದಿನ ಸಾಲಿನಿಂದ ತಮಿಳಿನ ಜೊತೆಗೆ ಒಂದೆರಡು ಕನ್ನಡದ ಮಾತೂ ಕೇಳುತ್ತದೆ. ಇದು ಐಇಇಇ 802.11 ವರ್ಕಿಂಗ್ ಗ್ರೂಪ್. ನಿಮ್ಮ ಮನೆಯ ವೈಫೈ ಪೆಟ್ಟಿಗೆಯೂ ನಿಮ್ಮ ಫೋನೂ ಪರಸ್ಪರ ಯಾವ ಕ್ರಮದಲ್ಲಿ ಮಾತಾಡಬೇಕೆಂದು ತೀರ್ಮಾನವಾಗುವುದು ಇಲ್ಲಿ. 1990ರಲ್ಲಿ ಶುರುವಾದ ಈ ಗುಂಪಿಗೆ ಮೊದಲ ಹತ್ತು ವರ್ಷ ಅಧ್ಯಕ್ಷರಾಗಿದ್ದವರು ನೆದರ್ಲೆಂಡ್ಸಿನ ವಿಕ್ ಹೇಯ್ಸ್. ಮೊದಲ ಮಾನಕ ಹೊರಬಂದದ್ದು 1997ರಲ್ಲಿ, ಆಗ ಅದರ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್.

ಬಾಗಿಲಲ್ಲಿ ನಿಮ್ಮನ್ನು ಯಾರೂ ತಡೆಯುವುದಿಲ್ಲ. ನೋಂದಣಿ ಶುಲ್ಕ ಕಟ್ಟಿದ್ದೀರಿ, ಕೊರಳಲ್ಲಿ ಬ್ಯಾಡ್ಜ್ ಇದೆ, ಅಷ್ಟು ಸಾಕು. ಒಳಗೆ ಬರಬಹುದು, ಮೈಕಿನ ಸಾಲಿನಲ್ಲಿ ನಿಂತು ಮಾತಾಡಬಹುದು, ಪ್ರಬಂಧ ಮಂಡಿಸಬಹುದು. ಮತ ಹಾಕುವಂತಿಲ್ಲ, ಅಷ್ಟೆ.

ಅಧ್ಯಕ್ಷರು ಮೊದಲು ತೋರಿಸುವುದು ಪೇಟೆಂಟಿನ ಸ್ಲೈಡುಗಳನ್ನು. ಈ ಮಾನಕಕ್ಕೆ ಅನಿವಾರ್ಯವಾಗಬಹುದಾದ ಪೇಟೆಂಟ್ ಯಾರದಾದರೂ ಇದೆಯೆಂದು ಗೊತ್ತಿದ್ದರೆ ಈಗಲೇ ಹೇಳಿ, ಎನ್ನುತ್ತಾರೆ. ಬೆಲೆ, ಮಾರುಕಟ್ಟೆ ಪಾಲು, ಲೈಸೆನ್ಸಿನ ಷರತ್ತು ಇವುಗಳ ಮಾತು ಈ ಕೋಣೆಯಲ್ಲಿ ಕೂಡದು. ಹಳಬರು ಇದನ್ನು ಎಷ್ಟೋ ಸಲ ಕೇಳಿದವರು, ಇಮೇಲ್ ನೋಡುತ್ತಿದ್ದಾರೆ. ನೀವು ಮಾತ್ರ ಗಮನವಿಟ್ಟು ಕೇಳಿ. ಪೈಪೋಟಿಯ ಕಂಪನಿಗಳವರು ಒಂದೇ ಮೇಜಿಗೆ ಕೂತು ಒಪ್ಪಂದಕ್ಕೆ ಬರುವುದು ಬೇರೆಲ್ಲಾದರೂ ನಡೆದರೆ ಅದು ಕಾನೂನಿನ ಕಣ್ಣಿಗೆ ಒಳಸಂಚು. ಇಲ್ಲಿ ಅದು ಸಭ್ಯ ಕೆಲಸವಾಗಿ ಉಳಿದಿರುವುದು ಈ ಬೇಲಿಯಿಂದಲೇ.

ನಿಮ್ಮ ಪಕ್ಕದವರು ನಿಮ್ಮ ಪರದೆಯತ್ತ ಬಗ್ಗಿ, “ಅಟೆಂಡೆನ್ಸ್ ಹಾಕಿದ್ರಾ? ಮರೀಬೇಡಿ” ಎನ್ನುತ್ತಾರೆ. ಬೆಂಗಳೂರಿನವರೇ, ವರ್ಷಗಳಿಂದ ಬರುತ್ತಿರುವವರು. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು ಅವಧಿ, ಕೆಲವು ದಿನ ರಾತ್ರಿಗೂ ಒಂದು, ಪ್ರತಿಯೊಂದೂ ಎರಡು ಗಂಟೆಯದು. ಪ್ರತಿ ಅವಧಿಗೂ ಆನ್‌ಲೈನಿನಲ್ಲಿ ಹಾಜರಿ ಒತ್ತಬೇಕು. ವಾರದ ಕೊನೆಗೆ ನಿಮ್ಮ ಹಾಜರಿ ಶೇಕಡ 75 ಮುಟ್ಟಿದ್ದರೆ ಈ ಸಭೆ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಇಲ್ಲವಾದರೆ ಬಂದದ್ದೂ ಒಂದೇ, ಬಾರದಿದ್ದದ್ದೂ ಒಂದೇ.

ಮತದ ಹಕ್ಕು ಹುಟ್ಟುವುದು ಈ ಲೆಕ್ಕದಿಂದಲೇ. ಪ್ಲೀನರಿ ಎನ್ನುವ ಮಹಾಸಭೆ ವರ್ಷಕ್ಕೆ ಮೂರು ಸಲ: ಮಾರ್ಚ್, ಜುಲೈ, ನವೆಂಬರ್. ನಡುವೆ ಜನವರಿ, ಮೇ, ಸೆಪ್ಟೆಂಬರಿನಲ್ಲಿ ಇಂಟರಿಮ್ ಸಭೆಗಳು. ಮೊದಲ ಸಭೆ ಮುಗಿಸಿದಾಗ ನೀವು ಆಕಾಂಕ್ಷಿ. ಸತತ ನಾಲ್ಕು ಪ್ಲೀನರಿಗಳಲ್ಲಿ ಎರಡಕ್ಕೆ ಹಾಜರಾದರೆ ಭಾವಿ ಮತದಾರ. ಎರಡರಲ್ಲಿ ಒಂದರ ಬದಲು ಇಂಟರಿಮ್ ಸಭೆ ತೋರಿಸಬಹುದು. ಅದಾದ ಮೇಲೆ ಮುಂದಿನ ಪ್ಲೀನರಿಗೆ ಬಂದು ಕೂತಾಗ, ಅದು ಶುರುವಾಗುವ ಹೊತ್ತಿಗೆ, ನೀವು ಮತದಾರ. ಜುಲೈನಲ್ಲಿ ಮೊದಲ ಹೆಜ್ಜೆ ಇಟ್ಟು ಪ್ಲೀನರಿಗಳಿಗಷ್ಟೇ ಬಂದವರಿಗೆ ಹಕ್ಕು ಸಿಗುವುದು ಮಾರ್ಚಿಗೆ. ಸಿಕ್ಕ ಹಕ್ಕು ಉಳಿಯಬೇಕಾದರೂ ಅದೇ ಹಾಜರಿ ಬೇಕು. ಕರಡಿನ ಮೇಲೆ ಸಭೆಯ ಹೊರಗೆ ನಡೆಯುವ ಮತದಾನ, ಅವರ ಭಾಷೆಯಲ್ಲಿ ಲೆಟರ್ ಬ್ಯಾಲೆಟ್, ಕಳೆದ ಮೂರರಲ್ಲಿ ಎರಡಕ್ಕೆ ಉತ್ತರಿಸದೆ ಬಿಟ್ಟರೂ ಹಕ್ಕು ಹೋಗಬಹುದು.

ಸಂಸ್ಥೆಗೆ ದೊಡ್ಡ ಮೊತ್ತ ಕಟ್ಟಿ ಆ ದಿನವೇ ಮತ ಪಡೆಯುವ ದಾರಿ ಇಲ್ಲಿ ಇಲ್ಲ. ನನಗೆ ಈ ವ್ಯವಸ್ಥೆಯಲ್ಲಿ ಬಹಳ ಗೌರವ ಇರುವುದು ಇದಕ್ಕೇ. ಕೂತು ಕೇಳಿದವರಿಗೆ, ಬೇರೆಯವರ ವಾದವನ್ನು ವಾರಗಟ್ಟಲೆ ಸಹಿಸಿಕೊಂಡವರಿಗೆ ಮಾತ್ರ ಕೈ ಎತ್ತುವ ಅಧಿಕಾರ. ಆ ಕೈಯೂ ನಿಮ್ಮದೇ, ಕಂಪನಿಯದಲ್ಲ. ಬ್ಯಾಡ್ಜಿನಲ್ಲಿ ಕಂಪನಿಯ ಹೆಸರಿರುತ್ತದೆ. ಯಾರ ದುಡ್ಡಿನಲ್ಲಿ ಬಂದಿದ್ದೀರಿ ಎಂದು ಎಲ್ಲರಿಗೂ ತಿಳಿಸಿರಲೇಬೇಕು. ಆದರೆ ನಿಯಮದ ಪ್ರಕಾರ ಒಬ್ಬ ಮನುಷ್ಯ, ಒಂದು ಮತ, ತನ್ನ ತಿಳಿವಳಿಕೆಯಂತೆ. ಬಾರದಿದ್ದ ಗೆಳೆಯನ ಪರವಾಗಿ ಹಾಕುವುದಕ್ಕೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಟಾಸ್ಕ್ ಗ್ರೂಪ್ ಎನ್ನುವ ಉಪತಂಡದ ಸಣ್ಣ ಕೋಣೆಗೆ ಬಂದಿದ್ದೀರಿ. ಎಸಿಯ ಚಳಿಗೆ ಅರ್ಧ ಜನ ಜಾಕೆಟ್ ಹಾಕಿಕೊಂಡೇ ಕೂತಿದ್ದಾರೆ. ಒಬ್ಬರು ಒಂದೇ ಒಂದು ಬಿಟ್ಟಿನ ಬಗ್ಗೆ ಹದಿನೆಂಟು ಸ್ಲೈಡ್ ತೋರಿಸಿ ಮುಗಿಸುತ್ತಾರೆ. ಹೆಡರಿನಲ್ಲಿ ಖಾಲಿ ಬಿಟ್ಟಿದ್ದ ಜಾಗವನ್ನು ಯಾವುದಕ್ಕೆ ಬಳಸಬೇಕೆಂಬುದು ವಿಷಯ. ಮೈಕಿನ ಹತ್ತಿರ ಸಾಲು ಬೆಳೆಯುತ್ತದೆ. ‘ಹಳೆಯ ಫೋನುಗಳು ಇದನ್ನು ಕಂಡರೆ ಏನು ಮಾಡುತ್ತವೆ?’ ‘ಸಿಮ್ಯುಲೇಷನ್‌ನಲ್ಲಿ ಎಷ್ಟು ಫೋನುಗಳನ್ನು ಇಟ್ಟುಕೊಂಡಿರಿ?’ ಮಂಡಿಸಿದವರು ಉತ್ತರ ಕೊಡುತ್ತ ಕೊಡುತ್ತ ತಮ್ಮ ಕಡತದ ಹೆಸರಿನ ತುದಿಯಲ್ಲಿದ್ದ ಆರ್1 ಅನ್ನು ಆರ್2 ಮಾಡುತ್ತಾರೆ. ಇಲ್ಲಿ ಒಂದು ಅಕ್ಷರ ತಿದ್ದಿದರೂ ಹೊಸ ಸಂಖ್ಯೆ ಬೀಳಬೇಕು, ಹಳೆಯದೂ ಎಲ್ಲರ ಕಣ್ಣಿಗೆ ಸಿಗುವಂತೆ ಸರ್ವರಿನಲ್ಲಿ ಉಳಿಯಬೇಕು.

ಕೊನೆಗೆ ಪರದೆಯ ಮೇಲೆ ಪ್ರಶ್ನೆ ಬರುತ್ತದೆ: ಈ ವಿಚಾರಕ್ಕೆ ನಿಮ್ಮ ಬೆಂಬಲ ಇದೆಯೇ? ಹೌದು, ಇಲ್ಲ, ತಟಸ್ಥ.

“ಸಾರ್, ನಾನೂ ಹಾಕಬಹುದಾ?”

“ಇದು ಸ್ಟ್ರಾ ಪೋಲ್ ಅಲ್ವಾ, ಹಾಕಿ ಹಾಕಿ. ಮೋಷನ್ ಅಂತ ಬಂದಾಗ ಮಾತ್ರ ಸುಮ್ನೆ ಕೂತ್ಕೊಳ್ಳಿ.”

ಸ್ಟ್ರಾ ಪೋಲ್ ಎಂದರೆ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ನೋಡುವುದು. ಕೋಣೆಯಲ್ಲಿರುವ ಯಾರೂ ಹಾಕಬಹುದು, ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಅಂಕಿ ನೋಡಿದ ತಕ್ಷಣ ಅನುಭವಸ್ಥರು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೊರಗೆ ಹೋಗುತ್ತಾರೆ. ನಿಜವಾದ ಮಾತು ನಡೆಯುವುದು ಕಾರಿಡಾರಿನಲ್ಲಿ, ಕಾಫಿಯ ಹತ್ತಿರ: ‘ನಿಮಗೆ ಬೇಡವಾದದ್ದು ಯಾವ ಸಾಲು? ಅದನ್ನು ಐಚ್ಛಿಕ ಮಾಡಿದರೆ ಒಪ್ಪುತ್ತೀರಾ?’ ಆಮೇಲೆ ಗೊತ್ತುವಳಿ. ಮಂಡಿಸುವವರೊಬ್ಬರು, ಅನುಮೋದಿಸುವವರೊಬ್ಬರು, ಚರ್ಚೆ, ಮತ. ಸಭೆ ಯಾವಾಗ ಮುಂದೂಡಬೇಕು ಎಂಬಂಥ ನಡಾವಳಿಯ ವಿಷಯಕ್ಕೆ ಅರ್ಧಕ್ಕಿಂತ ಹೆಚ್ಚು ಸಾಕು. ಮಾನಕದೊಳಗೆ ಏನಿರಬೇಕು ಎಂಬ ತಾಂತ್ರಿಕ ವಿಷಯಕ್ಕೆ ಮುಕ್ಕಾಲು ಪಾಲು ಬೇಕು. ತಟಸ್ಥರನ್ನು ಬಿಟ್ಟು ಲೆಕ್ಕ. 90 ಹೌದು, 30 ಇಲ್ಲ ಆದರೆ ಪಾಸು. ಅದೇ 120 ಜನರಲ್ಲಿ ಒಬ್ಬರು ಮನಸ್ಸು ಬದಲಿಸಿ 89ಕ್ಕೆ 31 ಆದರೆ ಬಿತ್ತು.

ಆ ಒಂದು ಅಂಕಿಯ ಭಾರ ತಿಳಿಯಬೇಕಾದರೆ ನನ್ನ ಜೊತೆ 2005ರ ಮೇ ತಿಂಗಳಿಗೆ, ಆಸ್ಟ್ರೇಲಿಯಾದ ಕೇರ್ನ್ಸ್ ಊರಿಗೆ ಬನ್ನಿ. 802.11ಎನ್ ತಂಡ ಕೂತಿದೆ. ಮನೆಯ ವೈಫೈಯನ್ನು ಹಲವು ಆಂಟೆನಾಗಳಿಂದ ಒಟ್ಟಿಗೆ ಮಾತಾಡಿಸಿ ನೂರು ಮೆಗಾಬಿಟ್ ದಾಟಿಸಬೇಕು, ಅದೇ ಅವರ ಕೆಲಸ. ಎರಡು ಪಾಳಯಗಳಿವೆ. ಟಿಜಿಎನ್ ಸಿಂಕ್ ಎನ್ನುವ ಪಾಳಯದಲ್ಲಿ ಇಂಟೆಲ್, ಅಥೆರೋಸ್ ಮುಂತಾದವರು. ವೈಸ್ ಎನ್ನುವುದರಲ್ಲಿ ಏರ್ಗೋ, ಬ್ರಾಡ್‌ಕಾಮ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಮಾರ್ಚಿನ ಸಭೆಯಲ್ಲಿ ಸಿಂಕ್ ಹೆಚ್ಚು ಮತ ಪಡೆದು ಕಣದಲ್ಲಿ ಒಂಟಿಯಾಗಿ ಉಳಿದಿದೆ. ಇಂದು ಅದನ್ನು ದೃಢಪಡಿಸಬೇಕು. ಎದುರಾಳಿಯೇ ಇಲ್ಲದ ಚುನಾವಣೆ, ಗೆಲ್ಲುವುದೇನು ಕಷ್ಟ ಎಂದು ಹೊರಗಿನವರಿಗೆ ಅನಿಸಬಹುದು. ಆದರೆ ಸೋತ ಪಾಳಯದವರ ಕೈಗಳೂ ಇದೇ ಕೋಣೆಯಲ್ಲಿವೆ. ಎಣಿಕೆ ಮುಗಿಯುತ್ತದೆ, 75 ಮುಟ್ಟಿಲ್ಲ. ಗೆದ್ದ ಪ್ರಸ್ತಾವ ಗೆಲ್ಲದೆ ಉಳಿಯಿತು. ಇನ್ನು ಇಬ್ಬರೂ ಒಟ್ಟಿಗೆ ಕೂತು ಒಂದೇ ಕರಡು ಬರೆಯದೆ ಬೇರೆ ದಾರಿ ಇಲ್ಲ.

ಎಂಟು ತಿಂಗಳ ಮೇಲೆ, 2006ರ ಜನವರಿ, ಹವಾಯಿ. ಜಂಟಿ ಪ್ರಸ್ತಾವಕ್ಕೆ ಒಮ್ಮತದ ಒಪ್ಪಿಗೆ ಸಿಗುತ್ತದೆ. ಈಗ ಅದೇ ವಾರ ಇನ್ನೊಂದು ಕೋಣೆಗೆ ಬನ್ನಿ, ಅಲ್ಲಿರುವುದು 802.15.3ಎ ತಂಡ. ಅಲ್ಟ್ರಾ ವೈಡ್‌ಬ್ಯಾಂಡ್ ಎನ್ನುವ, ಹತ್ತಿರದ ಉಪಕರಣಗಳ ನಡುವಿನ ಅತಿವೇಗದ ರೇಡಿಯೊಗೆ ಮಾನಕ ಮಾಡಲು ಹೊರಟವರು. ಇಲ್ಲಿಯೂ ಎರಡು ಪಾಳಯ. ಒಂದರ ಕಡೆಗೆ ಇಂಟೆಲ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಇನ್ನೊಂದರ ಕಡೆಗೆ ಮೋಟೊರೋಲಾ ಮತ್ತು ಅದರಿಂದ ಬೇರೆಯಾದ ಫ್ರೀಸ್ಕೇಲ್. ಸಭೆಯ ಮೇಲೆ ಸಭೆ ಕಳೆದರೂ ಅರ್ಧ ದಾಟಿದ್ದು 75ಕ್ಕೆ ಏರಲಿಲ್ಲ. ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ಜನ ಅಲ್ಲಾಡದೆ ಕೂತರೆ ಸಾಕು, ಎಲ್ಲ ನಿಂತುಹೋಗುತ್ತದೆ. ಆ ವಾರ ಅವರು ಒಂದು ವಿಷಯಕ್ಕೆ ಒಪ್ಪಿದರು: ತಂಡವನ್ನೇ ವಿಸರ್ಜಿಸುವುದಕ್ಕೆ. ಮೂರು ವರ್ಷದ ಕೆಲಸಕ್ಕೆ ಈ ಗುಂಪಿನಿಂದ ಮಾನಕ ಹುಟ್ಟಲಿಲ್ಲ.

ಇದನ್ನು ನೋಡಿ ಮುಕ್ಕಾಲು ಪಾಲು ಅತಿಯಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 51ಕ್ಕೆ 49ರಲ್ಲಿ ಪಾಸಾದ ರೇಡಿಯೊ ಮಾನಕವನ್ನು ಆ 49 ಜನರ ಕಂಪನಿಗಳು ಚಿಪ್ಪಿನಲ್ಲಿ ಹಾಕಬೇಕಲ್ಲ? ಹಾಕದಿದ್ದರೆ ಒಂದು ಕಂಪನಿಯ ಫೋನು ಇನ್ನೊಂದರ ರೂಟರಿನ ಜೊತೆ ಮಾತಾಡುವುದಿಲ್ಲ, ಬವಣೆ ಕೊಂಡವರಿಗೆ.

ಆದರೆ ನನಗೆ ನಿಜಕ್ಕೂ ಆತಂಕ ಹುಟ್ಟಿಸುವುದು ಬೇರೆ ಸಂಗತಿ. ಮನುಷ್ಯನಿಗೊಂದು ಮತ ಎಂದಮೇಲೆ, ಒಂದು ಕಂಪನಿ ಬಹಳ ಮನುಷ್ಯರನ್ನು ಕಳಿಸಿದರೆ? ಸಲಹೆಗಾರರಿಗೆ ಸಂಬಳ ಕೊಟ್ಟು ಕೂರಿಸಿದರೆ? 802.20 ಎಂಬ, ಓಡುವ ವಾಹನಗಳಿಗೂ ಬ್ರಾಡ್‌ಬ್ಯಾಂಡ್ ಕೊಡುವ ತಂಡದಲ್ಲಿ ಇದೇ ದೂರು ಎದ್ದಿತು. 2006ರ ಜೂನ್‌ನಲ್ಲಿ ಐಇಇಇಯ ಮಾನಕ ಮಂಡಳಿ ಆ ಗುಂಪಿನ ಎಲ್ಲ ಕೆಲಸವನ್ನೂ ಅಕ್ಟೋಬರ್‌ವರೆಗೆ ಅಮಾನತಿನಲ್ಲಿಟ್ಟಿತು. ಪಾರದರ್ಶಕತೆ ಸಾಲದು, ಯಾರದೋ ಮೇಲುಗೈಯ ಲಕ್ಷಣ ಕಾಣುತ್ತಿದೆ ಎಂಬುದು ಕಾರಣ. ಮತ್ತೆ ಶುರುವಾದಾಗ ಪದಾಧಿಕಾರಿಗಳು ಬದಲಾಗಿದ್ದರು. ಮುಂದಿನ ವರ್ಷ ಮತದ ಲೆಕ್ಕವೇ ಬದಲಾಗಿ, ವ್ಯಕ್ತಿಗೊಂದರ ಬದಲು ಸಂಸ್ಥೆಗೊಂದು ಎಂದಾಯಿತು. ಬ್ಯಾಡ್ಜಿನ ಮೇಲಿನ ಕಂಪನಿಯ ಹೆಸರನ್ನು ಈಗ ಪ್ರತಿ ಸಭೆಯಲ್ಲೂ ಒತ್ತಿ ಕೇಳುತ್ತಾರಲ್ಲ, ಆ ಕಟ್ಟುನಿಟ್ಟಿನ ಹಿಂದೆ ಇಂಥ ಅನುಭವಗಳಿವೆ.

ಇನ್ನು ಹಣ. ಮತವನ್ನು ಕೊಳ್ಳಲಾಗದು, ನಿಜ; ಆದರೆ ಹಾಜರಿಗೆ ಹಣ ಬೇಕು. ನೋಂದಣಿಗೇ ನೂರಾರು ಡಾಲರ್, ಮೇಲೆ ವಿಮಾನ, ವೀಸಾ, ಹೋಟೆಲು. ದೊಡ್ಡ ಚಿಪ್ ಕಂಪನಿ ಇದನ್ನು ಯೋಚಿಸದೆ ಭರಿಸುತ್ತದೆ. ಕಾಲೇಜಿನ ಸಂಶೋಧಕಿಗೆ, ಹತ್ತು ಜನರ ಸ್ಟಾರ್ಟ್‌ಅಪ್‌ಗೆ ವರ್ಷಕ್ಕೆ ಎರಡು ಮೂರು ಸಲ ಇದು ಆಗುವ ಮಾತಲ್ಲ. ಕೋವಿಡ್ ಬಂದಾಗ ಸಭೆಗಳೆಲ್ಲ ಆನ್‌ಲೈನ್ ಆದವು, ಆಮೇಲೆ ಕೋಣೆಯೂ ಪರದೆಯೂ ಕೂಡಿದ ಸಭೆಗಳು ಬಂದವು. ಬಾಗಿಲು ಸ್ವಲ್ಪ ಅಗಲವಾಯಿತು. ಆದರೆ ಜುಲೈನಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ 8ಕ್ಕೆ ಶುರುವಾಗುವ ಅವಧಿ ಬೆಂಗಳೂರಿನವರಿಗೆ ಸಂಜೆ ಐದೂವರೆ. ಅಲ್ಲಿ ರಾತ್ರಿ ಒಂಬತ್ತೂವರೆಗೆ ಮುಗಿದರೆ ಇಲ್ಲಿ ಬೆಳಿಗ್ಗೆ ಏಳು. ಮಗುವನ್ನು ಮಲಗಿಸಿ ಬಂದು ಹೆಡ್‌ಫೋನ್ ಹಾಕಿಕೊಂಡವರು ಹಾಲಿನವನು ಬರುವ ಹೊತ್ತಿಗೂ ಮೈಕಿನ ಸಾಲಿನಲ್ಲೇ ಇರುತ್ತಾರೆ. ಕಾರಿಡಾರಿನ ಕಾಫಿಯ ಮಾತು ಪರದೆಯ ಮೂಲಕ ಸಿಗುವುದೂ ಇಲ್ಲ. ಶುಲ್ಕ ಇಳಿಸಬೇಕು, ವಿದ್ಯಾರ್ಥಿಗಳಿಗೆ ಮಾಫಿ ಇರಬೇಕು, ಸಭೆಯ ಊರುಗಳು ಏಷ್ಯಾದತ್ತ ಇನ್ನೂ ಹೆಚ್ಚು ಸರಿಯಬೇಕು. ಇಷ್ಟು ಒಳ್ಳೆಯ ನಿಯಮಕ್ಕೆ ಇಷ್ಟು ದುಬಾರಿ ಹೊಸ್ತಿಲು ಇರಬಾರದು.

ಮಾರ್ಚ್ ಬಂತು. ನೀವು ಮೂರನೆಯ ಪ್ಲೀನರಿಗೆ ಬಂದಿದ್ದೀರಿ, ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಈಗ ಮತದಾರ ಎಂದಿದೆ. ಮೊದಲ ಗೊತ್ತುವಳಿಗೆ ಬೆರಳು ಒತ್ತುವಾಗ ಎದೆ ಹೊಡೆದುಕೊಳ್ಳುತ್ತದೆ. ಆದರೆ ನಿಮ್ಮ ನಿಜವಾದ ಬಲ ತಿಳಿಯುವುದು ವಾರ ಮುಗಿಸಿ ಮನೆಗೆ ಬಂದ ಮೇಲೆ. ನೂರಾರು ಪುಟದ ಕರಡಿನ ಮೇಲೆ ಲೆಟರ್ ಬ್ಯಾಲೆಟ್ ತೆರೆದಿದೆ, ತಿಂಗಳ ಅವಧಿ. ಪಾಸಾಗಲು ಅರ್ಧದಷ್ಟಾದರೂ ಮತದಾರರು ಉತ್ತರಿಸಬೇಕು, ತಟಸ್ಥರನ್ನು ಬಿಟ್ಟರೆ ಅದರಲ್ಲಿ ಹೌದು ಮುಕ್ಕಾಲು ಪಾಲಾಗಬೇಕು. ರಾತ್ರಿ ಊಟದ ನಂತರ ಓದುತ್ತ ಹೋಗುತ್ತೀರಿ. ಒಂದು ಪುಟದಲ್ಲಿ ಫೋನು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕು ಎಂದಿದೆ, ಉತ್ತರ ಬಾರದಿದ್ದರೆ ಏನು ಎಂದಿಲ್ಲ. ಇಬ್ಬರು ಚಿಪ್ ತಯಾರಕರು ಇದನ್ನು ಎರಡು ಥರ ಓದಬಹುದು.

ಇಲ್ಲ ಎಂದು ಒತ್ತುತ್ತೀರಿ. ಸುಮ್ಮನೆ ಇಲ್ಲ ಎಂದರೆ ನಡೆಯುವುದಿಲ್ಲ, ಏನು ಬದಲಿಸಿದರೆ ಹೌದು ಎನ್ನುತ್ತೀರಿ ಎಂದು ಬರೆಯಲೇಬೇಕು. ಕೋಷ್ಟಕದಲ್ಲಿ ಪುಟ, ಸಾಲು, ವಿಭಾಗ, ತಕರಾರು, ಸೂಚಿಸಿದ ತಿದ್ದುಪಡಿ ಎಲ್ಲ ತುಂಬುತ್ತೀರಿ. 802.11ಎನ್‌ನ ಮೊದಲ ಕರಡಿಗೆ 2006ರಲ್ಲಿ ಹೀಗೆ ಸುಮಾರು 12,000 ಟಿಪ್ಪಣಿಗಳು ಬಂದವು, ಮತ ಅರ್ಧವನ್ನೂ ಮುಟ್ಟಲಿಲ್ಲ. ಅವಕ್ಕೆ ಉತ್ತರ ಕೊಟ್ಟು ತಿದ್ದಿದ ಎರಡನೆಯ ಕರಡು 2007ರಲ್ಲಿ ಶೇಕಡ 83 ದಾಟಿತು. ಅಂತಿಮ ಒಪ್ಪಿಗೆ ಸಿಕ್ಕಿದ್ದು 2009ರ ಸೆಪ್ಟೆಂಬರಿನಲ್ಲಿ. ನಿಮ್ಮ ಟಿಪ್ಪಣಿಗೂ ಒಂದು ಸಂಖ್ಯೆ ಬೀಳುತ್ತದೆ. ಮುಂದಿನ ಸಭೆಯಲ್ಲಿ ಯಾರೋ ಅದನ್ನು ಪರದೆಗೆ ತಂದು ಗಟ್ಟಿಯಾಗಿ ಓದಿ, ಒಪ್ಪಿದ್ದೇವೆ, ಬದಲಿಸಿ ಒಪ್ಪಿದ್ದೇವೆ, ತಳ್ಳಿಹಾಕಿದ್ದೇವೆ ಎಂಬ ಮೂರರಲ್ಲಿ ಒಂದನ್ನು ಬರೆಯಬೇಕು. ತಳ್ಳಿಹಾಕಿದರೆ ಏಕೆಂದು ಹೇಳಬೇಕು. ಆ ಅವಧಿಗೆ ಹಾಜರಿ ಒತ್ತಿ, ಮೈಕಿನ ಹತ್ತಿರ ಕೂತುಕೊಳ್ಳಿ.