ಅಪ್ಪನ ಸ್ಪ್ಲೆಂಡರ್‌ಗೆ ಯಾವ ಆಯಿಲ್?

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಕೆಲಸ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ನನ್ನ ಜೊತೆ ಓದಿದ ಎಷ್ಟೋ ಹುಡುಗರ ಕತೆ ಇದೇ ಆದ್ದರಿಂದ ಅದರಲ್ಲಿ ವಿಶೇಷವೇನಿಲ್ಲ. ಆದರೆ ಊರಿನವರ ಪಾಲಿಗೆ ನಾನು ಈಗಲೂ 'ಎಂಜಿನ್ ಓದಿರೋ ಹುಡುಗ'. ಆ ಹೆಸರು ಉಳಿಸಿಕೊಳ್ಳಲು ಹೋಗಿ ಅಪ್ಪನನ್ನೇ ಬೀಳಿಸುತ್ತಿದ್ದೆ. ಅದನ್ನೇ ಹೇಳಲು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮದ್ದೂರು ತಾಲ್ಲೂಕಿನ ಭಾರತೀನಗರದ ಪಕ್ಕದ ಹಳ್ಳಿ. ಬೋರ್ಡಿನಲ್ಲಿ ಭಾರತೀನಗರ ಅಂತಿದ್ದರೂ ನಮ್ಮ ಬಾಯಲ್ಲಿ ಅದು ಕೆ.ಎಂ. ದೊಡ್ಡಿಯೇ. ಸಕ್ಕರೆ ಕಾರ್ಖಾನೆ ಇರುವ ಊರು. ಕಬ್ಬು ಅರೆಯುವ ಕಾಲದಲ್ಲಿ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. 2005ರಲ್ಲಿ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ಅಪ್ಪ ಕಬ್ಬಿನ ದುಡ್ಡಿನಲ್ಲಿ ಒಂದು ಸ್ಪ್ಲೆಂಡರ್ ಪ್ಲಸ್ ತಂದರು. ಟ್ಯಾಂಕಿನ ಮೇಲೆ ಇನ್ನೂ 'ಹೀರೋ ಹೋಂಡಾ' ಅಂತಿದೆ. ಆ ಎರಡು ಕಂಪನಿಗಳು ಬೇರೆಯಾಗಿ ವರ್ಷಗಳೇ ಆದವು, ಅಪ್ಪ ಮತ್ತು ಗಾಡಿ ಬೇರೆಯಾಗಲಿಲ್ಲ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಮಧ್ಯಾಹ್ನ ಬೂಸಾ ಮೂಟೆ, ಸಂಜೆ ಹುಲ್ಲಿನ ಹೊರೆ, ಎಲ್ಲಕ್ಕೂ ಅದೇ.

ಒಂದು ವರ್ಷದಿಂದ ಗಾಡಿ ನೀಲಿ ಹೊಗೆ ಬಿಡುತ್ತಿತ್ತು. ಆಯಿಲ್ ಬೇಗ ಕಮ್ಮಿಯಾಗುತ್ತಿತ್ತು. ಹೋದ ಯುಗಾದಿಗೆ ಊರಿಗೆ ಬಂದಾಗ ನಾನೇ ಆಯಿಲ್ ಬದಲಿಸುತ್ತೇನೆ ಅಂದೆ. ನನ್ನ ಕಾರಿಗೆ ತಂದಿದ್ದ ಫುಲ್ ಸಿಂಥೆಟಿಕ್ 5ಡಬ್ಲ್ಯು-30 ಆಯಿಲ್ ಒಂದು ಲೀಟರ್ ಉಳಿದಿತ್ತು. ಸ್ಪ್ಲೆಂಡರ್‌ನ ಪುಸ್ತಕದಲ್ಲಿ 10ಡಬ್ಲ್ಯು-30 ಅಂತ ಇದೆ. ಹಿಂದಿನ ನಂಬರು ಒಂದೇ, ಮುಂದಿನ ನಂಬರು ಅದಕ್ಕಿಂತ ಒಳ್ಳೆಯದು, ರೇಟಂತೂ ಎರಡರಷ್ಟು. ಇನ್ನೇನು ಬೇಕು? ಸುರಿದೇಬಿಟ್ಟೆ. ಅಪ್ಪ ಪಕ್ಕದಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ "ಕಾರಿನ್ ಆಯಿಲ್ ಕನಪ್ಪ, ನಮ್ ಹುಡ್ಗ ಹಾಕವ್ನೆ" ಅಂದರು.

ಮೂರು ವಾರಕ್ಕೆ ಅವ್ವನ ಫೋನು. "ನಿಮ್ಮಪ್ಪ ಮೊನ್ನೆ ಬಿದ್ದೋಗ್ತಿತ್ತು ಕನ್ಲಾ. ನಿಂಗೆ ಯೋಳ್ಬ್ಯಾಡ ಅಂದದೆ." ನಾಲೆ ಸೇತುವೆಯ ಏರಿನಲ್ಲಿ, ಎರಡು ಕಡೆ ಹಾಲಿನ ಕ್ಯಾನು, ಹಿಂದೆ ಕಬ್ಬಿನ ಲೋಡಿನ ಟ್ರ್ಯಾಕ್ಟರು. ಅಪ್ಪ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಬೊಬ್ಬೆ ಹೊಡೆಯಿತೇ ಹೊರತು ಗಾಡಿ ಮುಂದಕ್ಕೆ ಹೋಗಲಿಲ್ಲ. ಕಾಲು ಊರಿ, ಗಾಡಿಯನ್ನು ಪಕ್ಕಕ್ಕೆ ಎಳೆದುಕೊಂಡು ಬಚಾವಾಗಿದ್ದರು. ಆ ಶನಿವಾರವೇ ಊರಿಗೆ ಹೊರಟೆ.

ದೊಡ್ಡಿಯ ಮೆಕ್ಯಾನಿಕ್ ಅಣ್ಣ ಬೋಲ್ಟ್ ಬಿಚ್ಚಿ, ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿ ಕೇಳಿದ್ದು ಒಂದೇ ಮಾತು: "ಕಾರಿಂದಾ?" ನನಗೆ ಆಮೇಲೆ ಹೊಳೆಯಿತು. ಬಹುತೇಕ ಕಾರುಗಳಲ್ಲಿ ಕ್ಲಚ್ ಪ್ಲೇಟು ಎಂಜಿನ್ ಆಯಿಲ್‌ನಿಂದ ದೂರ, ಒಣಗಿರುತ್ತದೆ. ಸ್ಪ್ಲೆಂಡರ್‌ನಂಥ ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ಚು ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ತೆಳು ಆಯಿಲ್‌ಗಳಲ್ಲಿ ಪೆಟ್ರೋಲ್ ಉಳಿಸಲೆಂದು ಜಾರಿಕೆ ಹೆಚ್ಚಿಸುವ ರಾಸಾಯನಿಕ ಬೆರೆಸಿರುತ್ತಾರೆ. ಎಂಜಿನ್‌ಗೆ ಅದು ಒಳ್ಳೆಯದೇ, ಆದರೆ ಕ್ಲಚ್ ಪ್ಲೇಟುಗಳು ಒಂದನ್ನೊಂದು ಹಿಡಿಯುವ ಬದಲು ಜಾರುತ್ತವೆ. ಅದಕ್ಕೇ ಜಪಾನಿನವರು ಬೈಕುಗಳಿಗೆಂದು 'ಜಾಸೋ ಎಂಎ' ಎಂಬ ಬೇರೆ ಗುರುತನ್ನೇ ಮಾಡಿದ್ದಾರೆ. ನಾನು ನಂಬರು ನೋಡಿದೆ, ಈ ಗುರುತು ನೋಡಲಿಲ್ಲ.

ಕ್ಲಚ್ ಪ್ಲೇಟು ಬದಲಾಯಿತು. "ಹಳೇ ಗಾಡಿ ಕನಪ್ಪ, ಗಟ್ಟಿ ಆಯಿಲ್ ಹಾಕ್ಬೇಕು" ಅಂತ ಅಣ್ಣ ಬೈಕಿನದೇ 20ಡಬ್ಲ್ಯು-50 ಸುರಿದರು. ತಪ್ಪು ಮಾಡಿದವನು ನಾನು, ಎದುರು ಮಾತಾಡಲಿಲ್ಲ. ಆಶ್ಚರ್ಯ ಅಂದರೆ ಹೊಗೆ ಮುಕ್ಕಾಲು ಪಾಲು ನಿಂತೇ ಹೋಯಿತು! ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು.

ಇಲ್ಲಿ ಈ ನಂಬರುಗಳ ಬಗ್ಗೆ ಎರಡು ಮಾತು. ನಮ್ಮ ಕಡೆ ಆಲೆಮನೆ ನೋಡಿದವರಿಗೆ ಇದು ಸುಲಭ. ಕೊಪ್ಪರಿಗೆಯಲ್ಲಿ ಕುದಿಯುವಾಗ ಬೆಲ್ಲದ ಪಾಕ ಸಲೀಸಾಗಿ ಹರಿಯುತ್ತದೆ, ಆರಿದಂತೆ ಗಟ್ಟಿಯಾಗುತ್ತದೆ. ಎಂಜಿನ್ ಆಯಿಲೂ ಹಾಗೇ. ಮುಂದಿನ ನಂಬರಿನ ಜೊತೆಗಿರುವ 'ಡಬ್ಲ್ಯು' ಅಂದರೆ ವಿಂಟರ್, ಚಳಿಗಾಲ. 10ಡಬ್ಲ್ಯು ಆಯಿಲನ್ನು ಮೈನಸ್ 25 ಡಿಗ್ರಿಯಲ್ಲಿ, 20ಡಬ್ಲ್ಯು ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ ಎಂಜಿನ್ ತಿರುಗಿಸಲು ಬಿಡುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಮಂಡ್ಯದ ಮಾಗಿ ಚಳಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಿಂದಿನ ನಂಬರು 100 ಡಿಗ್ರಿಯಲ್ಲಿ, ಅಂದರೆ ಎಂಜಿನ್ ಕಾದಿರುವಾಗ, ಆಯಿಲ್ ಎಷ್ಟು ಗಟ್ಟಿ ಎಂಬುದು. ಸೆಂಟಿಸ್ಟೋಕ್ಸ್ ಲೆಕ್ಕದಲ್ಲಿ 30 ಅಂದರೆ 9.3ರಿಂದ 12.5, 40 ಅಂದರೆ 12.5ರಿಂದ 16.3, 50 ಅಂದರೆ 16.3ರಿಂದ 21.9. ಹಾಗಾಗಿ 30 ಇರಬೇಕಾದ ಕಡೆ 50 ಹಾಕಿದರೆ ಸಣ್ಣ ವ್ಯತ್ಯಾಸವಲ್ಲ. ಹೆಚ್ಚುಕಡಿಮೆ ಎರಡರಷ್ಟು ಗಟ್ಟಿ ಆಯಿಲ್ ಹಾಕಿದ ಹಾಗೆ.

ಅದರ ಫಲ ನಿಧಾನವಾಗಿ ಗೊತ್ತಾಯಿತು. ಬೆಳಿಗ್ಗೆ ಕಿಕ್ ಭಾರ. ಮೈಲೇಜು ಇಳಿಯಿತು. ಗಟ್ಟಿ ಆಯಿಲ್ ಸಣ್ಣ ದಾರಿಗಳಲ್ಲಿ ಹತ್ತಿ ಮೇಲಿನ ಕ್ಯಾಮ್ ತನಕ ತಲುಪುವುದು ತಡ. ತಲುಪುವ ತನಕ ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತದೆ. ಹೊಗೆ ಕಾಣದಿದ್ದರೂ ಆಯಿಲ್ ಕಮ್ಮಿಯಾಗುವುದು ನಿಂತಿರಲಿಲ್ಲ. ನಾನು ಪ್ರತಿ ವಾರ ಫೋನಿನಲ್ಲಿ ಕೇಳಿ ಬರೆದಿಟ್ಟುಕೊಂಡೆ. ಸಾವಿರ ಕಿಲೋಮೀಟರಿಗೆ ಕಡ್ಡಿಯ ಕೆಳಗಿನ ಗೆರೆಗಿಂತಲೂ ಕೆಳಗೆ ಹೋಗಿತ್ತು.

ಲೆಕ್ಕ ಹೇಳಿದಾಗ ಅಪ್ಪ ಸುಮ್ಮನಿದ್ದು ಆಮೇಲೆ ಅಂದರು: "ಹೊಗೆ ನಿಂತದೆ ಸರಿ. ಸವೆಯೋದು ನಿಂತದಾ?"

ನಾಲ್ಕು ವರ್ಷ ಓದಿದ್ದಕ್ಕೆ ಉತ್ತರ ಆ ಪ್ರಶ್ನೆಯಲ್ಲೇ ಇತ್ತು. ಗಟ್ಟಿ ಆಯಿಲ್ ಸವೆದ ಸಂದುಗಳನ್ನು ತುಂಬುತ್ತದೆ, ಹೊಗೆ ಮತ್ತು ಸದ್ದನ್ನು ಮುಚ್ಚುತ್ತದೆ. ಸವೆದ ರಿಂಗು ಮತ್ತೆ ಬೆಳೆಯುವುದಿಲ್ಲ. ಗಾಡಿ ಬಿಚ್ಚಲು ಒಪ್ಪಿದರು. ಮೆಕ್ಯಾನಿಕ್ ಅಣ್ಣನೇ ಕೂತು ಬಿಚ್ಚಿದರು. ರಿಂಗು ಸವೆದಿತ್ತು, ವಾಲ್ವ್ ಸೀಲು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಈ ಗಾಡಿಯಲ್ಲಿ ಕಾಗದದ ಆಯಿಲ್ ಫಿಲ್ಟರ್ ಇರುವುದಿಲ್ಲ. ತಿರುಗುವ ಒಂದು ಬಟ್ಟಲು ಕೊಳೆಯನ್ನು ಅಂಚಿಗೆ ಎಸೆದು ಹಿಡಿದಿಡುತ್ತದೆ. ಅದನ್ನು ಯಾರೂ ಯಾವತ್ತೂ ತೆಗೆದಿರಲಿಲ್ಲ, ಒಳಗೆ ಕೆರೆಯ ಗೋಡಿನಂಥ ಕರಿ ಕೆಸರು. ಸಿಲಿಂಡರ್ ಬೋರ್ ಮಾಡಿಸಿ 0.25 ಮಿಲಿಮೀಟರ್ ದೊಡ್ಡ ಪಿಸ್ಟನ್ ಕೂರಿಸಿದರು. ಆಮೇಲೆ ಹಾಕಿದ್ದು ಜಾಸೋ ಎಂಎ ಗುರುತಿನ, ಸಾಮಾನ್ಯ ರೇಟಿನ 10ಡಬ್ಲ್ಯು-30. ಇಪ್ಪತ್ತು ವರ್ಷದ ಹಿಂದೆ ಪುಸ್ತಕದಲ್ಲಿ ಬರೆದಿದ್ದೇ! ಪುಸ್ತಕ ಆರ್‌ಸಿ ಜೊತೆ ಟ್ರಂಕಿನಲ್ಲೇ ಇತ್ತು.

ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದ್ದರೆ ನನ್ನ ಅನುಭವದಿಂದ ಇಷ್ಟು ಹೇಳಬಲ್ಲೆ. ಮೊದಲು ಪುಸ್ತಕ ಹುಡುಕಿ. 'ಹಳೆಯದು' ಎಂಬ ಒಂದೇ ಕಾರಣಕ್ಕೆ ಗಟ್ಟಿ ಆಯಿಲ್ ಬೇಡ, 'ದುಬಾರಿ' ಎಂಬ ಒಂದೇ ಕಾರಣಕ್ಕೆ ತೆಳು ಆಯಿಲೂ ಬೇಡ. ಹಳೇ ಬುಲೆಟ್‌ಗೆ 20ಡಬ್ಲ್ಯು-50 ಸರಿಯಿರಬಹುದು, ಅದರ ಎಂಜಿನ್ ಕಟ್ಟಿರುವ ರೀತಿಯೇ ಬೇರೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಗಾದರೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಗೇರು ಪೆಟ್ಟಿಗೆಯ ಆಯಿಲ್ ಬೇರೆ. ಪಕ್ಕದ ಮನೆಯವರ ಗಾಡಿಯ ಲೆಕ್ಕ ನಿಮ್ಮ ಗಾಡಿಗೆ ಬರುವುದಿಲ್ಲ. ಪುಸ್ತಕದಲ್ಲಿ ಒಂದಕ್ಕಿಂತ ಹೆಚ್ಚು ಗ್ರೇಡ್ ಕೊಟ್ಟಿದ್ದರೆ, ಬಿಸಿಲು ಮತ್ತು ಹೊರೆ ಹೆಚ್ಚಿರುವವರು ಅದರಲ್ಲೇ ಗಟ್ಟಿಯದನ್ನು ಆರಿಸಬಹುದು. ಎಂಜಿನ್ ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಅಷ್ಟೇ ಹೊತ್ತು ಬಿಟ್ಟು, ಗಾಡಿಯನ್ನು ನೆಟ್ಟಗೆ ಮೇನ್ ಸ್ಟ್ಯಾಂಡ್ ಹಾಕಿ ಕಡ್ಡಿ ನೋಡಿ. ಸ್ಪ್ಲೆಂಡರ್‌ನಲ್ಲಿ ಕಡ್ಡಿಯನ್ನು ಒರೆಸಿ ಸುಮ್ಮನೆ ಇಳಿಬಿಡಬೇಕು, ತಿರುಗಿಸಿ ಬಿಗಿ ಮಾಡಬಾರದು. ಆಯಿಲ್ ಮತ್ತೆ ಮತ್ತೆ ಕಮ್ಮಿಯಾಗುತ್ತಿದ್ದರೆ ಡಬ್ಬಿ ಬದಲಿಸುವುದು ಬಿಟ್ಟು ಎಂಜಿನ್ ತೋರಿಸಿ.

ಇನ್ನೊಂದು ಮಾತು ಉಳಿದಿದೆ. ಬೀಳುವ ಹಾಗಾಗಿದ್ದನ್ನು ಯಾಕೆ ಹೇಳಲಿಲ್ಲ ಅಂತ ಅಪ್ಪನನ್ನು ಕೇಳಿದ್ದೆ. "ನೀನು ಆಸೆಯಿಂದ ಹಾಕಿದ್ದಲ್ಲಾ, ಬೇಜಾರ್ ಮಾಡ್ಕತೀಯ ಅಂತ" ಅಂದರು. ನನ್ನ ಓದಿನ ಮರ್ಯಾದೆ ಕಾಯಲು ಅವರು ಮೂರು ವಾರ ಜಾರುವ ಕ್ಲಚ್ಚಿನಲ್ಲಿ ಹಾಲು ಸಾಗಿಸಿದ್ದರು.

ಈಗ ಪ್ರತಿ ಭಾನುವಾರ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬರುತ್ತದೆ. ಅಪ್ಪನ ಹೆಬ್ಬೆರಳು, ಆಯಿಲ್ ಕಡ್ಡಿ, ಎರಡು ಗೆರೆಗಳ ನಡುವೆ ಆಯಿಲ್. ಕೆಳಗೆ ಏನೂ ಬರೆದಿರುವುದಿಲ್ಲ. ನಾನು 'ಸರಿ ಅದೆ ಅಪ್ಪ' ಅಂತ ಕಳಿಸುತ್ತೇನೆ. ಆಮೇಲೆ ಅವ್ವನಿಗೂ ಒಂದು ಫೋನು ಮಾಡಿ, ನಿಜವಾಗಿಯೂ ಸರಿ ಇದೆಯಾ ಅಂತ ಕೇಳಿಕೊಳ್ಳುತ್ತೇನೆ.