ಅಪ್ಪ ಇಷ್ಟು ನಿಧಾನ ನಡೀತಿರಲಿಲ್ಲ

ತಂಗಿ ಮದುವೆಗೆ ಇನ್ನು ಮೂರೇ ದಿನ. ರಿಸೆಪ್ಶನ್‌ನಲ್ಲಿ ಎಲ್‌ಇಡಿ ಪರದೆ ಮೇಲೆ ಹಾಕೋಕೆ ಮನೆಯ ಹಳೇ ವಿಡಿಯೋಗಳನ್ನೆಲ್ಲ ಸೇರಿಸಿ ಆರು ನಿಮಿಷದ ಒಂದು ವಿಡಿಯೋ ಮಾಡಿದ್ದೆ. ಆಫೀಸ್ ಕೆಲಸ ಮುಗಿಸಿ, ರಾತ್ರಿ ಹನ್ನೊಂದರ ಮೇಲೆ ಕೂತು ಎರಡು ವಾರ ಹೆಣಗಿದ ಫಲ ಅದು. ಮೊದಲು ಅಮ್ಮನಿಗೆ ತೋರಿಸೋಣ ಅಂತ ಅಡುಗೆಮನೆಯಿಂದ ಕರೆದು ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ.

ಅಮ್ಮ ನಗ್ತಾ ನೋಡ್ತಿದ್ಲು. ಮೂರನೇ ನಿಮಿಷಕ್ಕೆ ಅಪ್ಪ ಬಂದ್ರು. ತಿಪಟೂರಿನ ನಮ್ಮ ಬೀದಿ, ಬೆಳಗಿನ ಬಿಸಿಲು, ಬಿಳಿ ಅಂಗಿ ಹಾಕಿಕೊಂಡ ಅಪ್ಪ ಕ್ಯಾಮೆರಾ ಕಡೆ ನಡೆದು ಬರೋ ಚಿಕ್ಕ ತುಣುಕು. ಹಿನ್ನೆಲೆಯಲ್ಲಿ ಮೆಲ್ಲಗೆ ಸಂಗೀತ. ನನ್ನ ಪ್ರಕಾರ ಇಡೀ ವಿಡಿಯೋದಲ್ಲಿ ಚೆಂದ ಬಂದಿದ್ದೇ ಅದು.

ಅಮ್ಮನ ನಗು ನಿಂತುಹೋಯ್ತು. “ಇದು ಯಾವಾಗಿಂದೇ?” ಅಂದ್ಲು.

“2008ರದಮ್ಮ. ಚಿಕ್ಕಪ್ಪ ಅಮೆರಿಕದಿಂದ ಬಂದಿದ್ದಾಗ ತೆಗೆದಿದ್ದು.”

“ಇಲ್ಲ ಬಿಡು. ಆಗ ನಿಮ್ಮಪ್ಪ ಹೀಗೆಲ್ಲಿ ನಡೀತಿದ್ರು? ಇಷ್ಟು ನಿಧಾನ ನಡೆದಿದ್ದು ಕೊನೇ ಎರಡು ವರ್ಷ ಅಷ್ಟೇ.”

ಅಪ್ಪ ವಿದ್ಯುತ್ ಇಲಾಖೆಯಲ್ಲಿ ಮೀಟರ್ ರೀಡರ್ ಆಗಿದ್ದರು. ಹೆಸರು ಎಷ್ಟು ಬದಲಾದರೂ ಊರವರ ಬಾಯಲ್ಲಿ ಅವರು ಕೊನೇವರೆಗೂ ‘ಕೆಇಬಿಯವರು’. ದಿನವಿಡೀ ಮನೆಯಿಂದ ಮನೆಗೆ ಓಡಾಡಿದ ಕಾಲು. ಅವರ ಜೊತೆ ಸಂತೆಗೆ ಹೋದರೆ ನಾವಿಬ್ಬರು ಓಡಬೇಕಿತ್ತು. ಆಮೇಲೆ ಪಾರ್ಕಿನ್ಸನ್ಸ್ ಬಂತು. ಹೆಜ್ಜೆ ಚಿಕ್ಕದಾಯ್ತು, ಕೈ ಬೀಸೋದು ನಿಂತಿತು, ಬಚ್ಚಲಿಗೆ ಹೋಗಿ ಬರೋಕೂ ಹತ್ತು ನಿಮಿಷ. ಆ ನಡಿಗೆಯನ್ನು ದಿನಾ ಹಿಡಿದುಕೊಂಡು ನಡೆಸಿದವಳು ಅಮ್ಮ. ಅವಳ ಕಣ್ಣಿಗೆ ಮೋಸ ಮಾಡೋಕೆ ಆಗಲ್ಲ.

ಆದರೆ ವಿಡಿಯೋ 2008ರದ್ದೇ. ಹಾಗಾದರೆ ಅಪ್ಪ ನಿಧಾನ ಆಗಿದ್ದು ಹೇಗೆ? ಮಾಡಿದ್ದು ನಾನೇ.

ನನ್ನ ಹತ್ತಿರ ಇದ್ದ ಸಾಮಾನು ನೋಡಿ. ಅಪ್ಪ-ಅಮ್ಮನ 1993ರ ಮದುವೆಯ ವಿಎಚ್‌ಎಸ್ ಕ್ಯಾಸೆಟ್, ಸ್ಟುಡಿಯೋದಲ್ಲಿ ಡಿಜಿಟಲ್ ಮಾಡಿಸಿದ್ದು. ಚಿಕ್ಕಪ್ಪನ ಅಮೆರಿಕನ್ ಕ್ಯಾಮ್‌ಕಾರ್ಡರ್‌ದು. ನನ್ನ ಫೋನಿಂದು. ತಂಗಿ ಫೋನಿಂದು. ಜೊತೆಗೆ ಅಜ್ಜಿ ಹಾಡಿದ ಒಂದು ವಾಟ್ಸಾಪ್ ವಿಡಿಯೋ. ಪರದೆ ಮೇಲೆ ಎಲ್ಲವೂ ವಿಡಿಯೋನೇ. ಒಳಗೆ ಒಂದೊಂದರ ಲೆಕ್ಕ ಒಂದೊಂದು.

ವಿಡಿಯೋ ಅಂದ್ರೆ ಪಟಪಟ ಅಂತ ಬದಲಾಗೋ ಫೋಟೋಗಳ ಸಾಲು ತಾನೇ? ಸೆಕೆಂಡಿಗೆ ಎಷ್ಟು ಫೋಟೋ ಅನ್ನೋದೇ ಫ್ರೇಮ್ ರೇಟ್. ಸಿನಿಮಾಗೆ 24. ನಮ್ಮ ದೂರದರ್ಶನ 1982ರಲ್ಲಿ ಬಣ್ಣಕ್ಕೆ ಬಂದಾಗ ಹಿಡಿದದ್ದು ಪಾಲ್ ಪದ್ಧತಿ, ಅದರಲ್ಲಿ 25. ಹಾಗಾಗಿ ನಮ್ಮ ಕಡೆಯ ಹಳೇ ಮದುವೆ ಕ್ಯಾಸೆಟ್‌ಗಳೆಲ್ಲ 25. ಅಮೆರಿಕದ ಟಿವಿ ಶುರುವಿನಲ್ಲಿ 30. 1953ರಲ್ಲಿ ಅಲ್ಲಿ ಬಣ್ಣ ಸೇರಿಸುವಾಗ ಅದನ್ನು ಕೂದಲೆಳೆಯಷ್ಟು ಇಳಿಸಿ 29.97 ಮಾಡಿದರು. ಚಿಕ್ಕಪ್ಪನ ಕ್ಯಾಮೆರಾದ್ದು ಅದೇ ಲೆಕ್ಕ. ನನ್ನ ಫೋನು 30, ತಂಗಿಯದು 60.

ಮೊದಲು ಮದುವೆ ಕ್ಯಾಸೆಟ್ ಹಾಕಿಕೊಂಡಿದ್ದೆ. ಹಾಗಾಗಿ ಟೈಮ್‌ಲೈನ್ 25ಕ್ಕೆ ಕೂತಿತು. ಅದರಲ್ಲಿ ಅಪ್ಪ ನಡೆಯೋ ತುಣುಕು ಹಾಕಿದರೆ, ಸಾಫ್ಟ್‌ವೇರ್ ಪ್ರತಿ ಆರು ಫ್ರೇಮಿಗೆ ಒಂದನ್ನು ಬಿಸಾಕಬೇಕು. ಸುಮ್ಮನೆ ನಿಂತವರ ವಿಡಿಯೋ ಆದರೆ ಗೊತ್ತಾಗಲ್ಲ. ನಡೆಯೋ ಮನುಷ್ಯ ಆದರೆ ಹೆಜ್ಜೆ ಹೆಜ್ಜೆಗೂ ಸಣ್ಣ ಜರ್ಕು. ಗುಂಡಿ ಬಿದ್ದ ರಸ್ತೆ ಮೇಲೆ ಆಟೋ ಹೋದ ಹಾಗೆ.

ಅದನ್ನು ಸರಿಮಾಡೋಕೆ ಆಪ್ಟಿಕಲ್ ಫ್ಲೋ ಹಾಕಿದೆ. ಎರಡು ಫ್ರೇಮುಗಳ ನಡುವೆ ಇಲ್ಲದ ಚಿತ್ರವನ್ನು ಕಂಪ್ಯೂಟರೇ ಊಹಿಸಿ ಬರೆಯೋ ವಿಧಾನ ಅದು. ಆದರೆ ಅಪ್ಪ ಕಬ್ಬಿಣದ ಗೇಟಿನ ಮುಂದೆ ಹಾದುಬರುವಾಗ, ಗೇಟಿನ ಸರಳೂ ಅವರ ಕಾಲೂ ಅಂಟಿಕೊಂಡು ರಬ್ಬರಿನಂತೆ ಎಳೆದವು. ನೋಡಲಾಗಲಿಲ್ಲ. ತೆಗೆದುಹಾಕಿದೆ.

ಕೊನೆಗೆ ಸುಲಭದ ದಾರಿ ಸಿಕ್ಕಿತು: ಆ ಫೈಲನ್ನೇ 25ರದು ಅಂತ ಓದಿಕೋ ಎಂದು ಸಾಫ್ಟ್‌ವೇರ್‌ಗೆ ಹೇಳೋದು. ಒಂದು ಫ್ರೇಮೂ ಬಿಟ್ಟುಹೋಗಲ್ಲ, ಜರ್ಕೂ ಇಲ್ಲ. ಬೆಣ್ಣೆಯಂತೆ ಬಂತು. ಖುಷಿಯಾಗಿ ಮಲಗಿದೆ. ಆದರೆ ಸೆಕೆಂಡಿಗೆ 30ರಂತೆ ಓಡಬೇಕಾದ ಫ್ರೇಮುಗಳು 25ರಂತೆ ಓಡಿದರೆ ಏನಾಗುತ್ತೆ? ಹತ್ತು ಸೆಕೆಂಡಿನ ನಡಿಗೆ ಹನ್ನೆರಡು ಸೆಕೆಂಡಾಗುತ್ತೆ. ಸಂಗೀತಕ್ಕೆ ಹೊಂದಲಿ ಅಂತ ಅದರ ಧ್ವನಿ ಬೇರೆ ಮ್ಯೂಟ್ ಮಾಡಿದ್ದೆ. ಇಲ್ಲದಿದ್ದರೆ ಎಳೆದ ಧ್ವನಿ ಕೇಳಿಯಾದರೂ ಎಚ್ಚರ ಆಗ್ತಿತ್ತು.

ಬರೀ ಎರಡು ಸೆಕೆಂಡು. ಗಟ್ಟಿಮುಟ್ಟಾಗಿದ್ದ ಅಪ್ಪನನ್ನು ನಾನು ಕಾಯಿಲೆಯವರನ್ನಾಗಿ ಮಾಡಿಬಿಟ್ಟಿದ್ದೆ.

ಅಮ್ಮ ಎದ್ದುಹೋಗುವಾಗ, “ಚೆನ್ನಾಗಿದೆ, ಅದೊಂದು ತೆಗೆದುಬಿಡು,” ಅಂದ್ಲು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಮತ್ತೆ ಮೊದಲಿಂದ ಶುರು ಮಾಡಿದೆ.

ಈ ಸಲ ಮೊದಲು ಎಲ್ಲ ಫೈಲುಗಳ ಫ್ರೇಮ್ ರೇಟನ್ನು ಒಂದು ಹಾಳೆ ಮೇಲೆ ಬರೆದುಕೊಂಡೆ. ಆಮೇಲೆ ಎರಡು ಪ್ರಶ್ನೆ. ಯಾವ ಲೆಕ್ಕದವು ಜಾಸ್ತಿ ಇವೆ? ಯಾವ ತುಣುಕು ಒಂಚೂರೂ ಕೆಡಬಾರದು? ಎರಡಕ್ಕೂ ಉತ್ತರ ಒಂದೇ ಕಡೆ ಇತ್ತು. ಹೊಸ ಟೈಮ್‌ಲೈನ್ 29.97ಕ್ಕೆ ಇಟ್ಟೆ.

ಅಪ್ಪನ ನಡಿಗೆ ಹೇಗಿತ್ತೋ ಹಾಗೇ ಕೂತಿತು. ನನ್ನ ಫೋನಿನ 30ರ ವಿಡಿಯೋಗಳಿಂದ ಸುಮಾರು 33 ಸೆಕೆಂಡಿಗೆ ಒಂದು ಫ್ರೇಮ್ ಬಿಡಬೇಕು ಅಷ್ಟೇ, ಯಾರ ಕಣ್ಣಿಗೂ ಬೀಳಲ್ಲ. ತಂಗಿಯ 60ರದ್ದರಲ್ಲಿ ಒಂದು ಬಿಟ್ಟು ಒಂದು ತೆಗೆದುಕೊಂಡರೆ ಆಯ್ತು. ಅವಳು ಮಳೆಯಲ್ಲಿ ಕುಣಿಯೋ ಕಡೆ ಒಂದನ್ನೂ ಬಿಡದೆ ಅರ್ಧ ವೇಗಕ್ಕೆ ಇಳಿಸಿದೆ, ಸ್ಲೋ ಮೋಷನ್ ನಿಜವಾಗಿ ಒಪ್ಪೋ ಜಾಗ ಅದು.

ಉಳಿದದ್ದು 25ರ ಮದುವೆ ಕ್ಯಾಸೆಟ್. ಅದರಲ್ಲೀಗ ಐದು ಫ್ರೇಮಿಗೆ ಒಂದು ಎರಡು ಸಲ ಬರಬೇಕು. ಅಂಚುಗಳಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳಿದ್ದವು, ಅದಕ್ಕೆ ಡೀಇಂಟರ್‌ಲೇಸ್ ಮಾಡಿದೆ. ಧಾರೆಯ ಹೊತ್ತಲ್ಲಿ ಎಲ್ಲರೂ ಕೂತಿರ್ತಾರೆ, ನಿಂತಿರ್ತಾರೆ, ಆ ಜರ್ಕು ಗೊತ್ತೇ ಆಗಲಿಲ್ಲ. ಓಡಾಟ ಇದ್ದ ಎರಡು ಶಾಟ್ ಕೈಬಿಟ್ಟೆ.

ಅಜ್ಜಿಯದು ಇನ್ನೊಂದು ಕಥೆ. ಹಾಡು ಶುರುವಾಗುವಾಗ ತುಟಿ-ಧ್ವನಿ ಸರಿಯಾಗಿದೆ, ಮುಗಿಯೋ ಹೊತ್ತಿಗೆ ಧ್ವನಿ ಒಂದು ಕಡೆ, ತುಟಿ ಒಂದು ಕಡೆ. ಫೋನುಗಳು ಬೆಳಕು ಕಡಿಮೆ ಇದ್ದಾಗ ತಾವೇ ಫ್ರೇಮ್ ರೇಟ್ ಇಳಿಸ್ತವೆ, ಮತ್ತೆ ಏರಿಸ್ತವೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳಿಗೆ ಈ ಏರಿಳಿತ ಅರ್ಥ ಆಗಲ್ಲ. ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ ಆರಿಸಿ ಒಮ್ಮೆ ಪರಿವರ್ತಿಸಿದೆ. ಅಜ್ಜಿ ಸರಿಹೋದಳು.

ಬೆಳಗಿನ ಜಾವ ಮೂರಕ್ಕೆ ಚಿಕ್ಕಪ್ಪನ ಮಿಕ್ಕ ಫೈಲುಗಳನ್ನು ಈ ಸಲ ಧ್ವನಿ ಸಮೇತ ನೋಡಿದೆ. ಮನೆಯೊಳಗೆ ತೆಗೆದ ಒಂದರಲ್ಲಿ ಟ್ಯೂಬ್‌ಲೈಟ್ ಕೆಳಗೆ ಚಿತ್ರವೆಲ್ಲ ಪತಪತ ಅಂತಿದೆ. ಚಿಕ್ಕಪ್ಪ ಕ್ಯಾಮೆರಾ ಹಾಳಾಯ್ತು ಅಂತ ಗೊಣಗ್ತಿದ್ದಾರೆ. ಆಗ ಅಪ್ಪನ ಧ್ವನಿ: “ಹಾಳಾಗಿಲ್ಲ ಕಣೋ. ಅದು 60 ಸೈಕಲ್ ಊರಿಂದು, ನಮ್ಮ ಕರೆಂಟು 50. ಎರಡಕ್ಕೂ ತಾಳ ಕೂಡ್ತಿಲ್ಲ ಅಷ್ಟೇ.”

ಹೆಡ್‌ಫೋನ್ ತೆಗೆದಿಟ್ಟು ಸುಮ್ಮನೆ ಕೂತೆ. ಅಪ್ಪ ಹೇಳಿದ್ದು ಸರಿ. ಟಿವಿಯ ಫ್ರೇಮ್ ಲೆಕ್ಕ ಶುರುವಾಗಿದ್ದೇ ಆಯಾ ದೇಶದ ಕರೆಂಟಿನ ಸೈಕಲ್ ನೋಡಿಕೊಂಡು. 50 ಇದ್ದ ಕಡೆ 25, 60 ಇದ್ದ ಕಡೆ 30. ನಾನು ಎರಡು ವಾರ ಯೂಟ್ಯೂಬ್ ನೋಡಿ ಕಲಿತಿದ್ದನ್ನು ಅವರು ಲುಂಗಿ ಕಟ್ಟಿಕೊಂಡು ಕಾಫಿ ಕುಡೀತಾ ಹೇಳಿಬಿಟ್ಟಿದ್ದರು.

ನಡಿಗೆಯ ತುಣುಕಿನ ಮ್ಯೂಟೂ ತೆಗೆದೆ. ಚಪ್ಪಲಿಯ ಚಟಪಟ ಸದ್ದು, ಹತ್ತಿರ ಬರ್ತಾ ಬರ್ತಾ “ಬಾರೋ ಬೇಗ, ಬಿಸಿಲೇರುತ್ತೆ” ಅನ್ನೋ ಮಾತು. ಅಷ್ಟು ಹೊತ್ತು ಸಂಗೀತ ನಿಲ್ಲಿಸಿದೆ.

ರಿಸೆಪ್ಶನ್ ದಿನ ಊಟದ ಗಡಿಬಿಡಿಯಲ್ಲಿ ಅರ್ಧ ಜನ ವಿಡಿಯೋ ನೋಡಲೇ ಇಲ್ಲ. ಅಪ್ಪ ಪರದೆ ಮೇಲೆ ಬಂದಾಗ ನಾನು ನೋಡಿದ್ದು ಅಮ್ಮನನ್ನು. “ಬಾರೋ ಬೇಗ” ಕೇಳಿದ್ದೇ ತಡ, ಪಕ್ಕದಲ್ಲಿದ್ದ ಅತ್ತೆಗೆ, “ನೋಡಿ, ಯಾವಾಗ್ಲೂ ಇದೇ ಅವಸರ ಇವರದ್ದು,” ಅಂತ ಬೈದ್ಲು. ಅಪ್ಪ ಹೋದ ಮೇಲೆ ಅಮ್ಮ ಅವರನ್ನು ಬೈದಿದ್ದು ಅದೇ ಮೊದಲು.

ನಿಮ್ಮ ಮನೆಯಲ್ಲೂ ಅಟ್ಟದ ಮೇಲೆ ಕ್ಯಾಸೆಟ್, ಹಳೇ ಫೋನಿನಲ್ಲಿ ವಿಡಿಯೋ ಇರ್ತವೆ. ಸೇರಿಸೋಕೆ ಕೂತಾಗ ಮೊದಲು ಒಂದೊಂದರ ಫ್ರೇಮ್ ರೇಟ್ ನೋಡಿ ಬರೆದುಕೊಳ್ಳಿ. ಮೂಲ ಫೈಲುಗಳನ್ನು ಹಾಗೇ ಇಟ್ಟಿರಿ. ಸ್ವಲ್ಪ ಜರ್ಕು ಇದ್ದರೂ ಪರವಾಗಿಲ್ಲ, ಮನುಷ್ಯರ ವೇಗ ಮಾತ್ರ ಬದಲಿಸಬೇಡಿ. ಮುಗಿದ ಮೇಲೆ, ಅವರ ಜೊತೆ ಬಾಳಿದವರಿಗೆ ಒಮ್ಮೆ ತೋರಿಸಿ.